ಚಳಿಗೆ ಬಿಸಿ ಸಾರು: ಮೈ ಬೆಚ್ಚಗಾಗುವುದು ಯಾವುದರಿಂದ?

ಮೊದಲು ಒಂದು ಲೆಕ್ಕ ಹಾಕೋಣ. ಒಂದು ದೊಡ್ಡ ಬಟ್ಟಲು ಸಾರು, ಅಂದಾಜು 300 ಮಿಲಿಲೀಟರ್. ಊದಿ ಊದಿ ಕುಡಿಯುವಷ್ಟು ಬಿಸಿ, ಅಂದರೆ 65 ಡಿಗ್ರಿ ಸೆಲ್ಸಿಯಸ್ ಅಂತಿಟ್ಟುಕೊಳ್ಳಿ. ನಮ್ಮ ಮೈ 37 ಡಿಗ್ರಿ. ಸಾರು ಹೊಟ್ಟೆ ಸೇರಿ ಮೈಯ ಮಟ್ಟಕ್ಕೆ ತಣಿಯುವಷ್ಟರಲ್ಲಿ ನಮಗೆ ಕೊಡುವ ಶಾಖ ಎಂಟು ಕ್ಯಾಲೊರಿ ಚಿಲ್ಲರೆ. (ಪ್ಯಾಕೆಟ್ ಮೇಲೆ ಬರೆದಿರುತ್ತಾರಲ್ಲ, ಅದೇ ಕ್ಯಾಲೊರಿ.) ಆದರೆ 60 ಕೆಜಿ ತೂಕದ ಮೈಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 50 ಕ್ಯಾಲೊರಿ ಬೇಕು. ಹಾಗಾಗಿ ಒಂದು ಬಟ್ಟಲು ಸಾರು ಏರಿಸುವುದು ಒಂದು ಡಿಗ್ರಿಯ ಆರನೇ ಒಂದು ಭಾಗ, ಅಷ್ಟೇ. ಅದೂ ಆ ಹೊತ್ತಿನಲ್ಲಿ ಮೈ ಎಲ್ಲೂ ಶಾಖ ಕಳೆದುಕೊಳ್ಳದೇ ಇದ್ದರೆ.

ಇನ್ನೊಂದು ರೀತಿ ನೋಡಿ. ಸುಮ್ನೆ ಕೂತಿದ್ದರೂ ಇದೇ ತೂಕದ ಮೈ ಗಂಟೆಗೆ ಸುಮಾರು 60 ಕ್ಯಾಲೊರಿ ಶಾಖ ಹುಟ್ಟಿಸುತ್ತದೆ. ಸಾರು ಕೊಟ್ಟ ಶಾಖವನ್ನು ಮೈ ತಾನೇ ಎಂಟು ನಿಮಿಷದಲ್ಲಿ ತಯಾರಿಸಿಕೊಳ್ಳುತ್ತದೆ.

ಆದರೂ ಡಿಸೆಂಬರಿನ ರಾತ್ರಿ ಮೆಣಸಿನ ಸಾರು ಕುಡಿದವರಿಗೆ ಈ ಲೆಕ್ಕ ನಂಬುವುದಕ್ಕೇ ಆಗುವುದಿಲ್ಲ. ಎರಡು ಗುಟುಕು ಇಳಿಯುತ್ತಿದ್ದ ಹಾಗೆ ಕಿವಿ ಬಿಸಿಯಾಗುತ್ತದೆ, ಮೂಗು ಸೋರುತ್ತದೆ, ಹೊದ್ದ ಶಾಲು ತೆಗೆದಿಡೋಣ ಅನ್ನಿಸುತ್ತದೆ. ಆ ಅನುಭವ ಸುಳ್ಳಲ್ಲ. ಆದರೆ ಅದು ಬರುವ ದಾರಿ ಬೇರೆ.

ಮೆಣಸು ಒತ್ತುವ ಬೆಲ್

ನಮ್ಮ ನಾಲಿಗೆ, ಗಂಟಲು, ಚರ್ಮದ ನರಗಳ ತುದಿಯಲ್ಲಿ ಬಿಸಿ ಗುರುತಿಸುವ ಒಂದು ಪ್ರೋಟೀನ್ ಇದೆ. ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದರೆ ಇದು ತೆರೆದುಕೊಳ್ಳುತ್ತದೆ, ನರ ಮಿದುಳಿಗೆ 'ಸುಡ್ತಿದೆ' ಅಂತ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್, ಇದೇ ಪ್ರೋಟೀನನ್ನು ತೆರೆಯುತ್ತದೆ. ಕಾಳುಮೆಣಸಿನ ಪೈಪರಿನ್, ಶುಂಠಿಯ ಜಿಂಜರಾಲ್ ಮಾಡುವುದೂ ಅದನ್ನೇ. ಕಾಲಿಂಗ್ ಬೆಲ್ ಒತ್ತಿದವರು ನೆಂಟರೋ ಪೋಸ್ಟ್‌ಮ್ಯಾನೋ, ಒಳಗಿರುವವರಿಗೆ ಕೇಳಿಸುವ ಸದ್ದು ಒಂದೇ ಅಲ್ವಾ? ಮಿದುಳಿಗೂ ಹಾಗೆಯೇ. ಬಂದದ್ದು ಬಿಸಿಯೋ ಖಾರವೋ ಅದಕ್ಕೆ ಬೇರೆಯಾಗಿ ತಿಳಿಯುವುದಿಲ್ಲ.

ಈ ಪ್ರೋಟೀನನ್ನು ಗುರುತಿಸಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ತಂಡ, 1997ರಲ್ಲಿ. ಹುಡುಕಲು ಅವರು ಹಿಡಿದ ದಾರಿಯೇ ಮೆಣಸಿನಕಾಯಿಯ ಖಾರ. 2021ರಲ್ಲಿ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು. ತಂಪಿಗೂ ಇಂಥದ್ದೇ ಬೇರೊಂದು ಪ್ರೋಟೀನ್ ಇದೆ, ಮೆಂಥಾಲ್ ಅದನ್ನು ತೆರೆಯುತ್ತದೆ. ಪೆಪ್ಪರ್‌ಮಿಂಟ್ ಚಪ್ಪರಿಸಿ ನೀರು ಕುಡಿದರೆ ಬಾಯೆಲ್ಲ ತಣ್ಣಗಾಗುವುದು ಅದಕ್ಕೇ.

ಒಂದು ತಮಾಷೆ ನೋಡಿ. ಮೈ ಕಾಯಿತು ಅಂತ ಸುದ್ದಿ ಹೋದ ಮೇಲೆ ಮಿದುಳು ಮಾಡುವುದು ಮೈ ತಣಿಸುವ ಕೆಲಸ. ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಬೆವರು ಬರಿಸುತ್ತದೆ. ಚರ್ಮಕ್ಕೆ ಬಿಸಿ ರಕ್ತ ಹರಿದು ಬಂದಾಗ ನಮಗೆ ಬೆಚ್ಚಗೆ ಅನ್ನಿಸುತ್ತದೆ ನಿಜ, ಆದರೆ ಶಾಖ ಹೊರಗೆ ಹೋಗುತ್ತಿರುತ್ತದೆ. ಮನೆಯೊಳಗೆ ಕೂತು ತಿಂದರೆ ಇದರಿಂದ ನಷ್ಟವೇನಿಲ್ಲ. 'ಚಳಿಗೆ ಒಂದು ಪೆಗ್' ಅನ್ನುವವರ ವಿಷಯ ಬೇರೆ. ಮದ್ಯವೂ ರಕ್ತನಾಳ ಹಿಗ್ಗಿಸುತ್ತದೆ, ಅದನ್ನು ಕುಡಿದು ಬಯಲಲ್ಲಿ ಮಲಗಿದರೆ ಮೈ ಇನ್ನಷ್ಟು ಬೇಗ ತಣ್ಣಗಾಗುತ್ತದೆ.

ನೆಗಡಿಗೆ ಬಿಸಿ ಸಾರು ಒಳ್ಳೆಯದು ಅನ್ನುವುದಕ್ಕೂ ಒಂದು ಮಾತು ಸೇರಿಸಬೇಕು. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೆಗಡಿಯಾದವರಿಗೆ ಹಣ್ಣಿನ ಪಾನೀಯವನ್ನು ಬಿಸಿಯಾಗಿಯೂ ಬಿಸಿ ಮಾಡದೆಯೂ ಕೊಟ್ಟು ನೋಡಿದರು. ಮೂಗಿನಲ್ಲಿ ಗಾಳಿ ಓಡಾಡುವುದನ್ನು ಅಳೆದಾಗ ಬಿಸಿಯಿಂದ ಏನೂ ವ್ಯತ್ಯಾಸವಾಗಿರಲಿಲ್ಲ. ಆದರೆ ಬಿಸಿ ಕುಡಿದವರು ಕೆಮ್ಮು, ಸೀನು, ಗಂಟಲು ನೋವು, ನಡುಕ, ಸುಸ್ತು ಕಡಿಮೆಯಾಯಿತು ಅಂದರು. ನನ್ನ ಪ್ರಕಾರ ಅಷ್ಟು ಸಾಕು. ನೆಗಡಿ ಬಂದಾಗ ನಮಗೆ ಬೇಕಿರುವುದು ಗಾಳಿಯ ಅಳತೆ ಅಲ್ಲವಲ್ಲ.

ನಿಜವಾದ ಶಾಖ ಊಟದಲ್ಲಿದೆ

ಹಾಗಾದರೆ ಊಟದಿಂದ ಮೈ ನಿಜವಾಗಿ ಬಿಸಿಯಾಗುವುದೇ ಇಲ್ಲವೇ? ಆಗುತ್ತದೆ, ಆದರೆ ನಿಧಾನವಾಗಿ. ತಿಂದದ್ದನ್ನು ಅರೆದು, ಒಡೆದು, ರಕ್ತಕ್ಕೆ ಸೇರಿಸಿ, ಕೂಡಿಡುವುದಕ್ಕೆ ಮೈ ಕೆಲಸ ಮಾಡಬೇಕು. ಆ ಕೆಲಸದಲ್ಲಿ ಶಾಖ ಹುಟ್ಟುತ್ತದೆ. ಹಿಟ್ಟಿನ ಪದಾರ್ಥದಿಂದ ಸಿಗುವ ಶಕ್ತಿಯಲ್ಲಿ ಶೇ 5ರಿಂದ 10ರಷ್ಟು ಹೀಗೆ ಶಾಖವಾಗಿ ಹೋಗುತ್ತದೆ. ಪ್ರೋಟೀನ್ ಆದರೆ ಶೇ 20ರಿಂದ 30. ಜಿಡ್ಡಿನಲ್ಲಿ ತೀರಾ ಕಡಿಮೆ, ಹೆಚ್ಚೆಂದರೆ ಶೇ 3.

ಒಂದು ರಾಗಿ ಮುದ್ದೆ, ಕಾಳು ತುಂಬಿದ ಸಾರು, ಮೇಲೊಂದು ಚಮಚ ತುಪ್ಪ. ಎಲ್ಲ ಸೇರಿ 600 ಕ್ಯಾಲೊರಿ ಅಂತಿಟ್ಟುಕೊಂಡರೆ ಅದರಲ್ಲಿ ಹತ್ತನೇ ಒಂದು ಭಾಗ, ಅಂದರೆ 60 ಕ್ಯಾಲೊರಿ, ಕೆಲವು ಗಂಟೆಗಳ ಕಾಲ ಶಾಖವಾಗಿ ಸಿಗುತ್ತದೆ. ಬರೀ ಬಿಸಿ ನೀರಿನಂಥ ಸಾರು ಕೊಟ್ಟದ್ದು ಎಂಟು. ಚಳಿಯ ರಾತ್ರಿ ಕುಡಿದದ್ದಕ್ಕಿಂತ ನುಂಗಿದ್ದೇ ಜಾಸ್ತಿ ಕೆಲಸ ಮಾಡುತ್ತದೆ. ನಮ್ಮ ಚಳಿಗಾಲದ ಅಡುಗೆಯಲ್ಲಿ ಕಾಳು ಇಷ್ಟೊಂದು ಇರುವುದು ಎಷ್ಟು ಸರಿಯಾಗಿದೆ ಅಂತ ಇಲ್ಲಿ ಗೊತ್ತಾಗುತ್ತದೆ. ಅವರೆ, ಹುರುಳಿ, ಅಲಸಂದೆ ಎಲ್ಲದರಲ್ಲೂ ಪ್ರೋಟೀನ್ ಇದೆ.

ಹಾಗಾದರೆ ತುಪ್ಪ? 'ತುಪ್ಪ ಮೈ ಬೆಚ್ಚಗಿಡುತ್ತೆ' ಅನ್ನುವುದು ಅರ್ಧ ಸತ್ಯ. ಅದು ತಾನಾಗಿ ಶಾಖ ಹುಟ್ಟಿಸುವುದು ಕಡಿಮೆ. ಆದರೆ ಜಿಡ್ಡು ಇದ್ದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಹಸಿವು ಬೇಗ ಬರುವುದಿಲ್ಲ. ಮಸಾಲೆಯ ಪರಿಮಳ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಇನ್ನೊಂದು ಕೆಲಸ ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಬಟ್ಟಲಿನ ಸಾರು ತಣ್ಣಗಾಗುವುದು ಬಹುಪಾಲು ಮೇಲಿನಿಂದ ಏಳುವ ಹಬೆಯಿಂದ. ತೇಲುವ ತುಪ್ಪದ ಪದರ ಹಬೆ ತಡೆಯುತ್ತದೆ. ಜಿಡ್ಡಿಲ್ಲದ ತಿಳಿಸಾರು ಬೇಗ ಆರಿ, ಒಗ್ಗರಣೆ ಜೋರಾದ ಸಾರು ಕೊನೇ ತುತ್ತಿನವರೆಗೂ ಬಿಸಿ ಇರುವುದು ಹೀಗೆ. ಮುದ್ದೆಯ ಕಥೆ ಇನ್ನೂ ಚೆಂದ. ಬೆಂದ ಹಿಟ್ಟು ಗಟ್ಟಿಯಾಗಿರುವುದರಿಂದ ಸಾರಿನ ಹಾಗೆ ಒಳಗಿನ ಬಿಸಿ ಮೇಲೆದ್ದು ಬರುವುದಿಲ್ಲ. ಹೊರಗೆ ಕೈ ಇಡುವಷ್ಟು ಆರಿದ್ದರೂ ನಡುವೆ ಮುರಿದರೆ ಹೊಗೆಯಾಡುತ್ತದೆ. ಮೊದಲ ಸಲ ತಿನ್ನುವವರು ಬೆರಳು ಸುಟ್ಟುಕೊಳ್ಳುವುದು ಇಲ್ಲೇ.

ಬೆಂಗಳೂರಿನ ಚಳಿ ಅಂಕಿಯಲ್ಲಿ ದೊಡ್ಡದೇನಲ್ಲ. ಇದುವರೆಗಿನ ಅತಿ ಕಡಿಮೆ ಉಷ್ಣಾಂಶ ದಾಖಲಾದದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಸಾಮಾನ್ಯ ಜನವರಿಯಲ್ಲಿ ಬೆಳಗಿನ ಜಾವ 15-16 ಡಿಗ್ರಿ ಇರುತ್ತದೆ. ಆದರೆ ನಮ್ಮ ಮನೆಗಳನ್ನು ಕಟ್ಟಿರುವುದು ಸೆಕೆಗೆ. ಹೀಟರ್ ಇಲ್ಲ, ನೆಲ ಕಲ್ಲಿನದ್ದು. ಹೊರಗಿನ ಚಳಿಯೇ ಒಳಗೂ. ಹಾಗಾಗಿ ತಟ್ಟೆಯ ಮುಂದೆ ಕೂರುವ ಅರ್ಧ ಗಂಟೆಗೆ ಇಲ್ಲಿ ಬೆಲೆ ಜಾಸ್ತಿ.

ಅವರೆ ಬರುವ ಹೊತ್ತು

ಹಳೇ ಮೈಸೂರಿನ ಕಡೆ ಚಳಿಗಾಲ ಅಂದರೆ ಅವರೆಕಾಯಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿ ಎಲ್ಲ ಕಡೆಯಿಂದ ಮೂಟೆ ಮೂಟೆ ಕಾಯಿ ಬೆಂಗಳೂರಿಗೆ ಬರುತ್ತದೆ. ಜನವರಿಯಲ್ಲಿ ಅವರೆಬೇಳೆ ಮೇಳವೂ ನಡೆಯುತ್ತದೆ. ಮೊದಲು ವಿ.ವಿ. ಪುರದ ಸಜ್ಜನ್ ರಾವ್ ವೃತ್ತದ ಹತ್ತಿರವಿತ್ತು, ಈಚೆಗೆ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಗಿದೆ. ಅಲ್ಲಿ ಅವರೆಬೇಳೆ ದೋಸೆ, ಉಪ್ಪಿಟ್ಟು ಚೆನ್ನಾಗಿರುತ್ತವೆ. ಅವರೆಬೇಳೆ ಜಿಲೇಬಿಯನ್ನು ಒಂದು ಸಲ ತಿಂದು ಸುಮ್ಮನಾಗಬಹುದು.

ಅವರೆ ಚಳಿಗಾಲಕ್ಕೇ ಏಕೆ ಬರುತ್ತದೆ? ಚಳಿ ಬಿತ್ತು ಅಂತ ಅಲ್ಲ, ರಾತ್ರಿ ಉದ್ದವಾಯಿತು ಅಂತ. ನಾಟಿ ಅವರೆ ಗಿಡ ರಾತ್ರಿಯ ಉದ್ದ ಅಳೆಯುತ್ತದೆ. ಹಗಲು ಕಡಿಮೆಯಾಗುವವರೆಗೆ ಬರೀ ಬಳ್ಳಿ, ಎಲೆ. ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಅಷ್ಟು ಸಣ್ಣ ಬದಲಾವಣೆಯನ್ನು ಹಿಡಿದು ಗಿಡ ಹೂ ಬಿಡುತ್ತದೆ.

ರಾಗಿ ಹೊಲದಲ್ಲಿ ಅವರೆಯನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಹಳೆಯ ಪದ್ಧತಿ. ಮಳೆಗಾಲದಲ್ಲಿ ಎರಡೂ ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ಅವರೆ ಕಾಯಿ ಕಟ್ಟಿರುತ್ತದೆ. ಹೊಸ ರಾಗಿಯ ಮುದ್ದೆ, ಹೊಸ ಅವರೆಯ ಸಾರು ಒಂದೇ ತಟ್ಟೆಗೆ ಬಂದದ್ದು ಯಾರೋ ರುಚಿ ನೋಡಿ ಜೋಡಿ ಮಾಡಿದ್ದರಿಂದಲ್ಲ, ಹೊಲದಲ್ಲೇ ಜೋಡಿಯಾಗಿದ್ದರಿಂದ. ಪೌಷ್ಟಿಕತೆಯ ಲೆಕ್ಕವೂ ಹೊಂದುತ್ತದೆ. ರಾಗಿಯಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಮೆಥಿಯೋನಿನ್ ಚೆನ್ನಾಗಿದೆ. ಅವರೆಯಲ್ಲಿ ಸರಿಯಾಗಿ ತಿರುಗಾಮುರುಗ.

ಇನ್ನು ಸೊಗಡು. ಸೊಗಡಿಲ್ಲದ ಅವರೆಕಾಯಿ ಯಾರಿಗೂ ಬೇಡ. ಕಾಯಿ ಮುಟ್ಟಿದರೆ ಕೈಗೆ ಅಂಟಂಟು, ಮೂಸಿದರೆ ಸಂಜೆಯವರೆಗೂ ಅದೇ ಘಮ. ಅದು ಕಾಳಿನದ್ದಲ್ಲ, ಕಾಯಿಯ ಸಿಪ್ಪೆಯ ಮೇಲೆ ಜಿನುಗುವ ಎಣ್ಣೆಯದ್ದು. 1979ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆ ಎಣ್ಣೆಯಲ್ಲಿ ಮುಖ್ಯವಾಗಿ ಎರಡು ಕೊಬ್ಬಿನ ಆಮ್ಲ ಗುರುತಿಸಿತು: ಡೋಡೆಸಿನೋಯಿಕ್ ಮತ್ತು ಟೆಟ್ರಾಡೆಸಿನೋಯಿಕ್. ಹೆಸರು ಬಾಯಿ ತಿರುಗುವುದಿಲ್ಲ, ಆದರೆ ಇವುಗಳ ಹತ್ತಿರದ ನೆಂಟರೇ ಕೊತ್ತಂಬರಿ ಸೊಪ್ಪಿನ ವಾಸನೆಯಲ್ಲೂ ಇದ್ದಾರೆ. ಅವರೆ ಸಾರಿಗೆ ಕೊತ್ತಂಬರಿ ಸೊಪ್ಪು ಅಷ್ಟು ಚೆನ್ನಾಗಿ ಒಗ್ಗುವುದನ್ನು ನೋಡಿದರೆ ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಅನ್ನುವುದು ರೈತರ ಮಾತು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಾಯದೆ ವರ್ಷಪೂರ್ತಿ ಕಾಯಿ ಬಿಡುವ ತಳಿಗಳನ್ನು ಕೊಟ್ಟಿದ್ದಾರೆ. ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ಹೆಸರು. ರೈತರಿಗೆ ಅನುಕೂಲವಾಯಿತು. ಆದರೆ ಕೊಳ್ಳುವವರು ಇವತ್ತಿಗೂ ಕಾಯಿ ಎತ್ತಿ ಮೂಸಿಯೇ ಚೌಕಾಸಿ ಶುರು ಮಾಡುತ್ತಾರೆ. ಕಾಯಲ್ಲಿ ಒಂದೆರಡು ಹುಳ ಸಿಕ್ಕರೆ 'ನಾಟಿ ಕಾಯಿ, ನೋಡಿ' ಅಂತ ಅದನ್ನೇ ಹೊಗಳಿ ಮಾರುವವರೂ ಇದ್ದಾರೆ.

ಹಿದುಕಿದ ಬೇಳೆ ಸಾರು

ಈ ಕಾಲದ ಅಡುಗೆಗಳಲ್ಲಿ ಹೆಚ್ಚು ಶ್ರಮ ಬೇಡುವುದು ಇದು, ಹೆಚ್ಚು ಸುಖ ಕೊಡುವುದೂ ಇದೇ. ಸುಲಿದ ಕಾಳನ್ನು ರಾತ್ರಿ ನೀರಲ್ಲಿ ನೆನೆಹಾಕಿ. ಹಸಿ ಕಾಳನ್ನು ಮತ್ತೆ ನೆನೆಸುವುದೇಕೆ ಅಂತ ಕೇಳಬಹುದು. ಹಸಿ ಕಾಳಿನ ಸಿಪ್ಪೆ ಮೈಗೆ ಅಂಟಿಕೊಂಡಿರುತ್ತದೆ. ನೀರು ಒಳಗಿಳಿದಾಗ ಸಿಪ್ಪೆ ಹಿಗ್ಗಿ ಸಡಿಲವಾಗುತ್ತದೆ. ಬೆಳಗ್ಗೆ ಕಾಳಿನ ಬಿಳಿ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಇನ್ನೊಂದು ತುದಿಯಿಂದ ಬೇಳೆ ಪುಳಕ್ಕನೆ ಆಚೆ ಬರುತ್ತದೆ. ನೆಟ್ಟಗೆ ಒತ್ತಿದರೆ ಪಾತ್ರೆಗೆ, ವಾರೆಯಾಗಿ ಒತ್ತಿದರೆ ಎದುರಿಗೆ ಕೂತವರ ಮುಖಕ್ಕೆ. ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಮಾಡುವ ಕೆಲಸ ಇದು. ಒಬ್ಬರೇ ಕೂತು ಒಂದು ಸೇರು ಹಿದುಕುವುದು ಶಿಕ್ಷೆ.

ಸಿಪ್ಪೆ ಹೋದರೆ ಏನಾಗುತ್ತದೆ? ಒಗರು ಕೊಡುವ ಟ್ಯಾನಿನ್‌ಗಳು ಬಹುಪಾಲು ಸಿಪ್ಪೆಯಲ್ಲೇ ಇರುತ್ತವೆ. ಅವು ಹೋಗುತ್ತವೆ, ಜೊತೆಗೆ ನಾರೂ ಹೋಗುತ್ತದೆ, ಅದೊಂದು ನಷ್ಟ. ಬೇಳೆ ಬೇಗ ಬೇಯುತ್ತದೆ, ಬಾಯಲ್ಲಿ ಬೆಣ್ಣೆಯಂತಾಗುತ್ತದೆ. ನೆನೆಸಿದ ನೀರನ್ನು ಚೆಲ್ಲಿಬಿಡಿ. ಕಾಳಿನಲ್ಲಿ ರ‍್ಯಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಗಾಳಿ ಹುಟ್ಟಿಸುತ್ತವೆ, ಅದೇ ವಾಯು. ನೀರು ಚೆಲ್ಲಿದರೆ ಅವುಗಳಲ್ಲಿ ಒಂದು ಪಾಲು ಹೋಗುತ್ತದೆ. ಈ ಸಕ್ಕರೆಗಳು ಕಾಳು ಬಲಿತು ಒಣಗುವಾಗ ಕೂಡಿಕೊಳ್ಳುವಂಥವು. ಹಾಗಾಗಿ ಒಣ ಅವರೆಗಿಂತ ಹಸಿ ಅವರೆ ಹೊಟ್ಟೆಗೆ ಹಗುರ. ಆದರೆ ಅವರೆಯನ್ನು ಬೇಯಿಸದೆ ಮಾತ್ರ ತಿನ್ನಬೇಡಿ. ಜೀರ್ಣಕ್ಕೆ ಅಡ್ಡಿಯಾಗುವ ಪದಾರ್ಥಗಳು ಅದರಲ್ಲಿವೆ, ಚೆನ್ನಾಗಿ ಬೆಂದರೆ ಅವು ಅಡಗುತ್ತವೆ.

ನಾಲ್ಕು ಜನಕ್ಕೆ ಎರಡು ಕಪ್ ಹಿದುಕಿದ ಬೇಳೆ ಸಾಕು. ರುಬ್ಬಲು ಅರ್ಧ ಕಪ್ ತೆಂಗಿನತುರಿ, ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ನಾಲ್ಕೈದು ಹಸಿಮೆಣಸಿನಕಾಯಿ, ಎರಡು ಚಮಚ ಧನಿಯಾ, ಒಂದು ಚಮಚ ಗಸಗಸೆ, ಸಣ್ಣ ತುಂಡು ಚಕ್ಕೆ, ಎರಡು ಲವಂಗ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ, ಉಳಿದದ್ದರ ಜೊತೆ ನುಣ್ಣಗೆ ರುಬ್ಬಿ. ಬೇಳೆಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೂ ಕರಗಿ ಹಿಟ್ಟಾಗುತ್ತದೆ, ಹಿದುಕಿದ್ದೆಲ್ಲ ದಂಡ. ಬೇಳೆ ಮುಕ್ಕಾಲು ಬೆಂದ ಮೇಲೆ ಮಸಾಲೆ, ಉಪ್ಪು ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಆಲೂಗಡ್ಡೆ ಸೇರಿಸುವವರಿದ್ದಾರೆ, ಮಟನ್ ಸೇರಿಸುವವರಿದ್ದಾರೆ. ಎರಡೂ ಸರಿಯೇ.

ಟೊಮೆಟೊ ಅಥವಾ ಹುಣಸೆ ಬೇಕಿದ್ದರೆ ಬೇಳೆ ಬೆಂದ ಮೇಲೇ ಹಾಕಿ. ಕಾಳಿನ ಕಣಗಳನ್ನು ಒಟ್ಟಿಗೆ ಹಿಡಿದಿಡುವುದು ಪೆಕ್ಟಿನ್ ಅನ್ನುವ ಅಂಟು. ಅದು ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಹುಳಿ ಇದ್ದರೆ ಪೆಕ್ಟಿನ್ ಬೇಗ ಕರಗುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಲ್ಲೂ ಇದೇ ಕಾಟ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೆಕ್ಟಿನ್ ಜೊತೆ ಕಟ್ಟಿಕೊಂಡು ಕಾಳನ್ನು ಗಟ್ಟಿ ಮಾಡುತ್ತವೆ. ಅಂಥ ಊರಿನಲ್ಲಿ ಮಳೆನೀರು ಅಥವಾ ಆರ್‌ಒ ಫಿಲ್ಟರ್ ನೀರಲ್ಲಿ ಬೇಯಿಸಿ ನೋಡಿ, ವ್ಯತ್ಯಾಸ ತಾನೇ ಕಾಣುತ್ತದೆ. ಚಿಟಿಕೆ ಸೋಡಾ ಹಾಕಿದರೂ ಬೇಗ ಬೇಯುತ್ತದೆ, ಆದರೆ ಕಾಳಿನ ಬಿ1 ಜೀವಸತ್ವ ಹಾಳು, ರುಚಿಯೂ ಸೋಪಿನ ಹಾಗೆ. ಉಪ್ಪು ಮೊದಲೇ ಹಾಕಿದರೆ ಬೇಯುವುದಿಲ್ಲ ಅನ್ನುವ ಆರೋಪ ಮಾತ್ರ ಸರಿಯಲ್ಲ. ಒಣ ಕಾಳನ್ನು ಸ್ವಲ್ಪ ಉಪ್ಪು ನೀರಲ್ಲಿ ನೆನೆಸಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಉಪ್ಪಿನ ಸೋಡಿಯಂ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ.

ಬಯಲುಸೀಮೆಯ ದಾರಿ

ಬೀದರ್, ಕಲಬುರಗಿ, ವಿಜಯಪುರದ ಚಳಿ ಬೆಂಗಳೂರಿಗಿಂತ ಗಡುಸು. ಅಲ್ಲಿನವರು ಹಿಡಿದದ್ದು ಜಿಡ್ಡಿನ ದಾರಿ. ಡಿಸೆಂಬರ್-ಜನವರಿಯ ಎಳ್ಳು ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಭೂತಾಯಿಗೆ ಅಡುಗೆಯ ಎಡೆ ಎರಚಿ) ಉಣ್ಣುವ ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇರುತ್ತವೆ. ಎಳ್ಳಿನಲ್ಲಿ ತೂಕದ ಅರ್ಧದಷ್ಟು ಎಣ್ಣೆ. ಶೇಂಗಾದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಸಜ್ಜೆಯಲ್ಲೂ ಅಕ್ಕಿ, ಗೋಧಿಗಿಂತ ಜಿಡ್ಡು ಜಾಸ್ತಿ. ಇದು ತಕ್ಷಣ ಮೈ ಕಾಯಿಸುವ ಊಟ ಅಲ್ಲ. ಚಳಿಯಲ್ಲಿ ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಬೇಕಾದ ಶಕ್ತಿಯನ್ನು ಸಣ್ಣ ಬುತ್ತಿಯಲ್ಲಿ ಕಟ್ಟಿಕೊಡುವ ಊಟ. ದುಡಿಯುವ ಸ್ನಾಯು ಹುಟ್ಟಿಸುವಷ್ಟು ಶಾಖವನ್ನು ಯಾವ ಸಾರೂ ಕೊಡಲಾರದು. ಆಫೀಸಿನಲ್ಲಿ ಕೂತು ದಿನಕ್ಕೆ ನಾಲ್ಕು ಶೇಂಗಾ ಹೋಳಿಗೆ ತಿಂದರೆ ಆಗುವುದು ಬೇರೆ.

ದೂರದಲ್ಲಿರುವವರಿಗೆ

ಈ ಬೇಳೆ ನಮ್ಮೊಬ್ಬರ ಸ್ವತ್ತಲ್ಲ. ರಾಯಲಸೀಮೆಯಲ್ಲಿ ಇದನ್ನೇ ಹಿದುಕಿ ಪಿತಿಕಿನ ಪಪ್ಪು ಮಾಡುತ್ತಾರೆ. ಗುಜರಾತಿನ ಚಳಿಗಾಲದ ಊಂಧಿಯುಗೆ ಹಾಕುವ ಸೂರತಿ ಪಾಪ್ಡಿಯೂ ಅವರೆಯ ಜಾತಿಯದ್ದೇ. ಹೊರದೇಶದಲ್ಲಿರುವವರಿಗೆ ಇದರಿಂದ ದೊಡ್ಡ ಉಪಕಾರ. ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ 'ಸೂರತಿ ಪಾಪ್ಡಿ ಲಿಲ್ವಾ' ಅಂತ ಸಿಗುವ ಪ್ಯಾಕೆಟ್ ಕಾಳನ್ನು ತಂದು, ಬಿಸಿನೀರಲ್ಲಿ ಬಿಟ್ಟು ಹಿದುಕಿದರೆ ಬೇಳೆ ಸಲೀಸಾಗಿ ಬರುತ್ತದೆ. ಸೊಗಡು ಮಾತ್ರ ಇರುವುದಿಲ್ಲ, ಅದು ಕಾಯಿಯ ಸಿಪ್ಪೆಯ ಜೊತೆ ಹೋಗಿರುತ್ತದೆ. ಕೊತ್ತಂಬರಿ ಸೊಪ್ಪನ್ನು ಒಂದು ಹಿಡಿಗೆ ಎರಡು ಹಿಡಿ ಮಾಡಿ, ಅರ್ಧವನ್ನು ರುಬ್ಬಿ, ಅರ್ಧವನ್ನು ಒಲೆ ಆರಿಸಿದ ಮೇಲೆ ಹಾಕಿ. ಗಲ್ಫ್‌ನಲ್ಲಿರುವವರು ಗಸಗಸೆಯನ್ನು ಊರಿಂದ ಒಯ್ಯಲೇಬೇಡಿ. ಯುಎಇ, ಸೌದಿಯಲ್ಲಿ ಅದು ಕಾನೂನಿಗೆ ವಿರುದ್ಧ. ಅದರ ಬದಲು ನಾಲ್ಕೈದು ಗೋಡಂಬಿ ನೆನೆಸಿ ರುಬ್ಬಿದರೆ ಸಾರು ಅಷ್ಟೇ ಮಂದವಾಗುತ್ತದೆ.